ಸಾಗರ ಹತ್ತಿರವಾದ ಮೇಲೆ

ತುಮರಿಯಲ್ಲಿ ಕೈ ಬಿಗಿಹಿಡಿದು ಸಂಸಾರ ಮಾಡುವ ಮನುಷ್ಯ ಯಾರು ಎಂದು ಎರಡು ವರ್ಷದ ಹಿಂದೆ ಕೇಳಿದ್ದರೆ, ಯಾರಾದರೂ ನನ್ನ ಮನೆಯ ದಾರಿ ತೋರಿಸುತ್ತಿದ್ದರು. ಹೆಸರು ಗಣೇಶ್, ವಯಸ್ಸು ನಲವತ್ತೇಳು, ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕ. ಮೇಲ್ವಿಚಾರಕ ಎಂದರೆ ಬೀಗ ತೆಗೆಯುವವನೂ ನಾನೇ, ಕಸ ಗುಡಿಸುವವನೂ ನಾನೇ, ಪೇಪರಿನ ಹಾಳೆಗಳು ಹಾರದಂತೆ ಕಲ್ಲು ಇಡುವವನೂ ನಾನೇ. ಸಂಬಳ ಹೇಳಿಕೊಳ್ಳುವಂಥದ್ದಲ್ಲ. ಹೆಂಡತಿ ಶ್ಯಾಮಲಾ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಜೊತೆಗೆ ಅಮ್ಮ, ಬೆಳ್ಳಮ್ಮ.

ಇಷ್ಟರಲ್ಲೂ ತಿಂಗಳ ಕೊನೆಗೆ ಒಂದಿಷ್ಟು ಉಳಿಯುತ್ತಿತ್ತು. ಅದು ನನ್ನ ಮನಸ್ಸಿನ ಹತೋಟಿಯಿಂದಲೇ ಉಳಿಯುತ್ತಿದೆ ಎಂದು ನಾನು ನಂಬಿದ್ದೆ. ನಂಬಿ ಸುಮ್ಮನಿದ್ದಿದ್ದರೆ ಚಿಂತೆಯಿರಲಿಲ್ಲ, ಪೇಪರು ಓದಲು ಬಂದವರಿಗೆಲ್ಲ ಹೇಳುತ್ತಿದ್ದೆ. ಒಮ್ಮೆ ಮಹಿಳಾ ಸಂಘದವರು ಮನೆ ಖರ್ಚಿನ ಬಗ್ಗೆ ನಾಲ್ಕು ಮಾತಾಡಿ ಎಂದು ಕರೆದರು. ನಲವತ್ತು ನಿಮಿಷ ಮಾತಾಡಿದೆ. ಬೇಕು ಅನ್ನಿಸಿದ್ದನ್ನು ಮೂರು ದಿನ ಬಿಟ್ಟುನೋಡಿ, ನಾಲ್ಕನೇ ದಿನ ಆ ಆಸೆಯೇ ಇರುವುದಿಲ್ಲ ಎಂದೆ. ಸಂಘದ ಕಾರ್ಯದರ್ಶಿ ಶಿಲ್ಪಶ್ರೀ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಹಿಂದಿನ ಸಾಲಿನಲ್ಲಿದ್ದ ಶ್ಯಾಮಲಾ ಮಾತ್ರ ಹೊರಗೆ ಕಟ್ಟಿದ್ದ ಯಾರದೋ ಎಮ್ಮೆಯನ್ನು ನೋಡುತ್ತ ಕೂತಿದ್ದಳು.

ಆಗ ನಮಗೆ ಸಾಗರದ ಪೇಟೆ ಎಂದರೆ ಇಡೀ ದಿನದ ಕೆಲಸ. ಬೆಳಿಗ್ಗೆ ಹೊರಟು ಹಿನ್ನೀರಿನ ದಡಕ್ಕೆ ಹೋಗಬೇಕು, ಲಾಂಚ್ ಆ ಕಡೆ ಇದ್ದರೆ ಕಾಯಬೇಕು, ಈ ಕಡೆ ಬಂದರೆ ಸಿಗಂದೂರಿನಿಂದ ಮರಳುವ ಯಾತ್ರಿಕರ ನಡುವೆ ನುಗ್ಗಬೇಕು, ದಾಟಿ ಮತ್ತೆ ಬಸ್ಸು. ಸಂಜೆ ಲಾಂಚ್ ತಪ್ಪಿದರೆ ರಾತ್ರಿ ಆ ಕಡೆಯೇ. ಆದ್ದರಿಂದ ತಿಂಗಳಿಗೊಮ್ಮೆ ಹೋಗುತ್ತಿದ್ದೆ, ಶ್ಯಾಮಲಾ ಬರೆದುಕೊಟ್ಟ ಚೀಟಿಯಲ್ಲಿ ಇದ್ದದ್ದನ್ನು ಎರಡು ಚೀಲದಲ್ಲಿ ತುಂಬಿಕೊಂಡು, ಗಡಿಯಾರ ನೋಡುತ್ತ ಓಡಿ ಬರುತ್ತಿದ್ದೆ. ಅಂಗಡಿಯ ಗಾಜಿನೊಳಗೆ ಏನಿದೆ ಎಂದು ನಿಂತು ನೋಡಲು ಪುರಸೊತ್ತೇ ಇರಲಿಲ್ಲ. ಪುರಸೊತ್ತಿಲ್ಲದ್ದನ್ನೇ ನಾನು ವೈರಾಗ್ಯ ಎಂದು ತಿಳಿದಿದ್ದೆ.

ಕಳೆದ ವರ್ಷ ಆಷಾಢದಲ್ಲಿ ಸೇತುವೆ ತೆರೆಯಿತು. ನಲವತ್ತು ವರ್ಷ ಕಾದವರು ಹಿನ್ನೀರಿನ ಮೇಲೆ ನಡೆದು ಹೋಗಿ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ. ಕಾಯಿಲೆಯವರನ್ನು ಇನ್ನು ಲಾಂಚಿಗಾಗಿ ಮಲಗಿಸಿಕೊಂಡು ಕೂರಬೇಕಿಲ್ಲ, ಕಾಲೇಜಿನ ಮಕ್ಕಳು ಮನೆಯಿಂದಲೇ ಹೋಗಿ ಬರಬಹುದು ಎಂದು ಗ್ರಂಥಾಲಯದಲ್ಲಿ ಭಾಷಣವನ್ನೂ ಮಾಡಿದೆ. ಮರುದಿನ ಸಾಗರಕ್ಕೆ ಹೋದೆ. ಕೆಲಸವೇನೂ ಇರಲಿಲ್ಲ, ಎಷ್ಟು ಹೊತ್ತು ಹಿಡಿಯುತ್ತದೆ ನೋಡೋಣ ಎಂದು ಹೋದದ್ದು. ಬೇಗನೇ ತಲುಪಿದೆ. ಇಷ್ಟು ಬೇಗ ಬಂದು ಬರಿಗೈಯಲ್ಲಿ ಹೋಗುವುದೇ ಅನ್ನಿಸಿ ಒಂದು ಡಜನ್ ಪ್ಲಾಸ್ಟಿಕ್ ಡಬ್ಬಿ ಕೊಂಡೆ.

ಆ ತಿಂಗಳು ಒಂಬತ್ತು ಸಲ ಹೋದೆ.

ಡಬ್ಬಿಯ ಹಿಂದೆ ಗೋಡೆಗೆ ಹಾಕುವ ಚಾರ್ಜಿಂಗ್ ಲೈಟು ಬಂತು, ಅದರ ಹಿಂದೆ ಮಡಚುವ ಅಲ್ಯೂಮಿನಿಯಂ ಏಣಿ ಬಂತು. ನಮ್ಮ ಮನೆಯಲ್ಲಿ ಏಣಿ ಹಾಕಿ ಹತ್ತುವಷ್ಟು ಎತ್ತರದ್ದು ಏನೂ ಇಲ್ಲ ಎಂಬುದು ಅದನ್ನು ತಂದ ಮೇಲೆ ಹೊಳೆಯಿತು. ಮೂರು ದಿನ ಬಿಟ್ಟುನೋಡುವ ನಿಯಮ ಮರೆತಿರಲಿಲ್ಲ. ಮೂರು ದಿನ ಬಿಡುತ್ತಿದ್ದೆ, ನಾಲ್ಕನೇ ದಿನ ಮೊದಲ ಬಸ್ಸಿಗೆ ಹೋಗುತ್ತಿದ್ದೆ. ಪರ್ಸನ್ನು ಮನೆಯಲ್ಲಿ ಬಿಟ್ಟು ಹೋದರೆ ಮೊಬೈಲಿನಲ್ಲಿ ಹಣ ಹೋಗುತ್ತಿತ್ತು. ಒಂದು ದಿನ ಧೈರ್ಯ ಮಾಡಿ ಎರಡನ್ನೂ ಬಿಟ್ಟು, ಬಸ್ಸಿನ ಹಣವಷ್ಟೇ ಜೇಬಿಗೆ ಹಾಕಿಕೊಂಡು ಹೋದೆ. ಅಂಗಡಿಯವರು ಜ್ಯೂಸ್ ಮಾಡುವ ಯಂತ್ರವನ್ನು ಡಬ್ಬಿಗೆ ಹಾಕಿ ಕೈಗಿತ್ತು, ದುಡ್ಡು ನಾಳೆ ಕೊಡಿ, ಈಗ ಹೆಂಗೂ ಸೇತುವೆ ಇದೆಯಲ್ಲ ಎಂದರು. ಅಷ್ಟು ವಿಶ್ವಾಸ ಇಟ್ಟವರ ಮನಸ್ಸು ನೋಯಿಸುವುದು ಹೇಗೆ ಎಂದು ತಂದೆ.

ಮೊಬೈಲಿನಲ್ಲಿ ಆರ್ಡರ್ ಮಾಡಿ ಮನೆಗೆ ತರಿಸುವ ಪಾರ್ಸೆಲ್ಲುಗಳದ್ದು ಬೇರೆ ಕಥೆ. ಅವನ್ನು ತರುವವನು ಕುಮಾರ. ಇಪ್ಪತ್ತು ವರ್ಷ ದಡದಲ್ಲಿ ಲಾಂಚಿಗೆ ಕಾಯುವವರಿಗೆ ಚಾ, ಮಂಡಕ್ಕಿ ಮಾರಿ ಬದುಕಿದವನು. ಸೇತುವೆಯಾದ ಮೇಲೆ ಕಾಯುವವರೇ ಇಲ್ಲವಾಗಿ, ಐವತ್ತನೇ ವಯಸ್ಸಿನಲ್ಲಿ ಸ್ಕೂಟರಿನ ಹಿಂದೆ ಚೀಲ ಕಟ್ಟಿಕೊಂಡು ಮನೆಮನೆಗೆ ಪಾರ್ಸೆಲ್ ಕೊಡುವ ಕೆಲಸ ಹಿಡಿದ. ಒಂದು ಪಾರ್ಸೆಲ್ಲಿಗೆ ಇಷ್ಟು ಎಂದು ಅವನಿಗೆ ಸಿಗುತ್ತದೆ. ಇದು ತಿಳಿದ ಮೇಲೆ ನನ್ನ ಕೈ ಇನ್ನೂ ಸಡಿಲವಾಯಿತು. ಒಂದೇ ಸಲಕ್ಕೆ ತರಿಸಬಹುದಾದ ಮೂರು ವಸ್ತುಗಳನ್ನು ಮೂರು ಸಲಕ್ಕೆ ತರಿಸಿ, ಬಡ ಸಂಸಾರವೊಂದನ್ನು ಸಾಕುತ್ತಿದ್ದೇನೆ ಎಂದು ಹೆಮ್ಮೆಪಟ್ಟುಕೊಂಡೆ. ಅವನ ಸಂಸಾರ ನನ್ನದಕ್ಕಿಂತ ಚೆನ್ನಾಗಿಯೇ ನಡೆದಿತ್ತು.

ನಮ್ಮ ಮನೆಯಲ್ಲಿ ಸಂಬಳ ಬಂದ ದಿನ ಶ್ಯಾಮಲಾ ಹಣವನ್ನು ಲಕೋಟೆಗಳಲ್ಲಿ ಹಂಚಿ ಟ್ರಂಕಿನಲ್ಲಿ ಇಡುತ್ತಾಳೆ. ಅಕ್ಕಿ-ಸಾಮಾನು, ಗ್ಯಾಸು, ಕರೆಂಟು, ಮದುವೆ-ಮುಂಜಿಯ ಉಡುಗೊರೆ ಎಂದು ಒಂದೊಂದರ ಮೇಲೂ ಬರೆದಿರುತ್ತದೆ. ಎಲ್ಲಕ್ಕಿಂತ ದಪ್ಪಗಿದ್ದ ಲಕೋಟೆಯ ಮೇಲೆ ‘ಅತ್ತೆಯ ಹಲ್ಲು’ ಎಂದಿತ್ತು. ಅಮ್ಮನ ಬಾಯಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲ. ಪೂರ್ತಿ ಸೆಟ್ಟು ಮಾಡಿಸಬೇಕೆಂದರೆ ಆರು ಸಲ ಡಾಕ್ಟರ ಹತ್ತಿರ ಹೋಗಬೇಕು. ಲಾಂಚಿನ ಕಾಲದಲ್ಲಿ ಎಪ್ಪತ್ತೆರಡರ ಮುದುಕಿಯನ್ನು ಆರು ಸಲ ಕರೆದೊಯ್ಯುವುದು ಆಗದ ಮಾತೆಂದು ತಳ್ಳುತ್ತ ಬಂದಿದ್ದೆವು. ಸೇತುವೆಯಾದ ಮೇಲೆ ಮಾಡಿಸೋಣ ಎಂದು ಶ್ಯಾಮಲಾ ರವಿಕೆ ಹೊಲಿದದ್ದನ್ನೂ ಅದರಲ್ಲೇ ಕೂಡಿಟ್ಟಿದ್ದಳು. ನಾನು ಆ ಲಕೋಟೆಯಿಂದ ತೆಗೆದಾಗಲೆಲ್ಲ, ಮುಂದಿನ ತಿಂಗಳು ಹಾಕುತ್ತೇನೆ ಎಂದು ಚೀಟಿ ಬರೆದು ಒಳಗಿಡುತ್ತಿದ್ದೆ. ಕದಿಯುವವನು ನಾನಲ್ಲ. ದೀಪಾವಳಿಯ ಹೊತ್ತಿಗೆ ಲಕೋಟೆ ಮೊದಲಿನಷ್ಟೇ ದಪ್ಪಗಿತ್ತು, ಒಳಗೆ ಹೆಚ್ಚಾಗಿ ಚೀಟಿಗಳಿದ್ದವು.

ಹಬ್ಬ ಕಳೆದ ಭಾನುವಾರ ಶ್ಯಾಮಲಾ ನಾನು ತಂದದ್ದನ್ನೆಲ್ಲ ಜಗಲಿಗೆ ಹೊತ್ತು ತಂದು ಸಾಲಾಗಿ ಇಟ್ಟಳು. ಏಣಿ, ಲೈಟು, ಡಬ್ಬಿಗಳು, ಕಾಲು ಒತ್ತುವ ಯಂತ್ರ, ಎರಡು ಇಸ್ತ್ರಿಪೆಟ್ಟಿಗೆ, ಜ್ಯೂಸ್ ಯಂತ್ರ. ಜಗಲಿ ತುಂಬಿತು. ಆಮೇಲೆ ಅಮ್ಮನನ್ನು ಕರೆದು ಆ ಸಾಲಿನ ಕೊನೆಯಲ್ಲಿ ಮಣೆ ಹಾಕಿ ಕೂರಿಸಿ, ಲಕೋಟೆ ಹಿಡಿದು ನನ್ನ ಮುಂದೆ ನಿಂತಳು.

“ಇದ್ರಲ್ಲಿ ಅತ್ತೆ ಹಲ್ಲು ಯಾವ್ದು, ಸ್ವಲ್ಪ ತೋರ್ಸಿ” ಎಂದಳು.

ದನಿ ಏರಿಸಲಿಲ್ಲ. ನಾನು ಜ್ಯೂಸ್ ಯಂತ್ರದ ಕಡೆ ನೋಡಿ, ಹಲ್ಲಿಲ್ಲದವರಿಗೆ ಅನುಕೂಲವಾಗಲಿ ಎಂದೇ ಅದನ್ನು ತಂದದ್ದು ಎಂದು ಹೇಳಲು ಬಾಯಿ ತೆರೆದೆ. ಹೇಳಿಯೂ ಬಿಟ್ಟೆ. ಇಪ್ಪತ್ತಮೂರು ವರ್ಷದ ದಾಂಪತ್ಯದಲ್ಲಿ ಅದಕ್ಕಿಂತ ಕೆಟ್ಟ ಮಾತನ್ನು ನಾನು ಆಡಿಲ್ಲ. ಶ್ಯಾಮಲಾ ಒಳಗೆ ಹೋಗಿ ಹೊಲಿಗೆ ಮೆಷಿನ್ ತುಳಿಯತೊಡಗಿದಳು. ಊಟದ ಹೊತ್ತಿನವರೆಗೂ ನಿಲ್ಲಿಸಲಿಲ್ಲ.

ಮಾರನೇ ದಿನದಿಂದ ಮಾರಾಟ ಶುರು ಮಾಡಿದೆ. ಕಾಲು ಒತ್ತುವ ಯಂತ್ರವನ್ನು ಕುಮಾರನೇ ಅರ್ಧ ಬೆಲೆಗೆ ಕೊಂಡ. ತಂದುಕೊಟ್ಟವನಿಗೇ ಮಾರಿದ್ದು ವಿಚಿತ್ರವೆನಿಸಿದರೂ ಸಾಗಾಣಿಕೆ ಖರ್ಚು ಉಳಿಯಿತು ಎಂದು ಸಮಾಧಾನ ಮಾಡಿಕೊಂಡೆ. ಇಸ್ತ್ರಿಪೆಟ್ಟಿಗೆ ಒಂದು ಹೋಯಿತು. ಜ್ಯೂಸ್ ಯಂತ್ರವನ್ನು ಯಾರೂ ಮೂಸಲಿಲ್ಲ. ಹಲ್ಲಿನ ಡಾಕ್ಟರು ಪುಣ್ಯಾತ್ಮರು, ಒಟ್ಟು ಹದಿನೆಂಟು ಸಾವಿರವನ್ನು ಒಂದೊಂದು ಸಲಕ್ಕೆ ಮೂರು ಸಾವಿರದಂತೆ ಕೊಡಿ ಎಂದರು. ಹಾಗಾಗಿ ಆರು ಸಲ ಸಾಗರದ ಪೇಟೆಯಲ್ಲಿ ಹಣ ಜೇಬಿನಲ್ಲಿಟ್ಟುಕೊಂಡು ಓಡಾಡುವ ಪರೀಕ್ಷೆ ನನಗೆ ಒದಗಿತು.

ಮೂರು ಸಲ ಪಾಸಾದೆ. ಆಸ್ಪತ್ರೆಯ ಬೆಂಚಿನ ಮೇಲೆ ಅಮ್ಮ ಹೊರಬರುವವರೆಗೆ ಕದಲದೆ ಕೂತಿದ್ದೆ. ನಾಲ್ಕನೇ ಸಲ, ಮೇಣ ಕಚ್ಚಿಸಿ ಅಳತೆ ನೋಡಲು ಅಮ್ಮನನ್ನು ಒಳಗೆ ಕರೆದೊಯ್ದು ಮುಕ್ಕಾಲು ಗಂಟೆಯಾಗುತ್ತದೆ ಎಂದರು. ಕಾಲು ಜೋಮು ಹಿಡಿದಿತ್ತು. ರಸ್ತೆಗೆ ಇಳಿದೆ. ಎದುರು ಅಂಗಡಿಯವನು ಫುಟ್‌ಪಾತಿನ ಕಲ್ಲನ್ನು ಒಂದು ಯಂತ್ರದ ಪೈಪಿನಿಂದ ರಭಸವಾಗಿ ನೀರು ಹೊಡೆದು ತೊಳೆಯುತ್ತಿದ್ದ. ಪಾಚಿ ಹಿಡಿದ ಕಲ್ಲು ಕಣ್ಣೆದುರೇ ಬೆಳ್ಳಗಾಯಿತು. ಆ ಯಂತ್ರ ಮಾರಾಟಕ್ಕಿತ್ತು. ವರ್ಷಕ್ಕೆ ನಾಲ್ಕು ತಿಂಗಳು ಆಕಾಶವೇ ತೊಳೆಯುವ ನನ್ನ ಅಂಗಳ ನೆನಪಿಗೆ ಬಂತು. ಆ ಅಂಗಳವನ್ನು ಇದರಿಂದ ತೊಳೆದರೆ ಹೇಗಿರುತ್ತದೆ ಎಂದು ಯೋಚಿಸಿದೆ. ಇವತ್ತೇ ಆಫರ್ ಕೊನೆ, ಐನೂರು ಅಡ್ವಾನ್ಸ್ ಕೊಟ್ಟರೆ ತೆಗೆದಿಡುತ್ತೇನೆ ಎಂದ ಅಂಗಡಿಯವನು. ಕೊಟ್ಟೆ. ರಸೀದಿ ಮಡಚಿ ಜೇಬಿಗಿಡುವಾಗಲೂ ನಾನು ಏನೂ ಕೊಂಡಿಲ್ಲ, ಬರೀ ತೆಗೆದಿರಿಸಿದ್ದೇನೆ ಎಂದೇ ಅಂದುಕೊಂಡೆ.

ವಾಪಸು ಬಂದಾಗ ಅಮ್ಮ ಬಾಯಿ ಮುಕ್ಕಳಿಸಿ ಬೆಂಚಿನ ಮೇಲೆ ಕೂತಿದ್ದಳು. ಕೌಂಟರಿನವರು ಮೂರು ಸಾವಿರ ಕೇಳಿದರು. ಎಣಿಸಿದರೆ ಎರಡೂವರೆ. ಮೊಬೈಲಿನಲ್ಲಿ ಬಸ್ಸಿನ ಹಣಕ್ಕಿಂತ ಹೆಚ್ಚಿರಲಿಲ್ಲ. ಹತ್ತು ನಿಮಿಷದಲ್ಲಿ ಬಂದೆ ಎಂದು ಮೆಟ್ಟಿಲಿಳಿಯುವಷ್ಟರಲ್ಲಿ ಅಮ್ಮ ಎದ್ದು ಹಿಂದೆಯೇ ಬಂದಳು. ಎಲ್ಲಿಗೆ ಎಂದು ಕೇಳಿದಳು. ಸುಳ್ಳು ಹೇಳಲು ಸಮಯ ಸಾಲದೆ ನಿಜ ಹೇಳಿದೆ. ಅವಳು ನನ್ನ ಮೊಣಕೈ ಹಿಡಿದುಕೊಂಡು ರಸ್ತೆ ದಾಟಿದಳು. ಚಿಕ್ಕಂದಿನಲ್ಲಿ ಹಿಡಿಯುತ್ತಿದ್ದಂತೆಯೇ ಬಿಗಿಯಾಗಿ ಹಿಡಿದಿದ್ದಳು.

ಅಂಗಡಿಯಲ್ಲಿ ನಾಲ್ಕೈದು ಜನರಿದ್ದರು. ಕೊಟ್ಟ ಅಡ್ವಾನ್ಸನ್ನು ವಾಪಸು ಕೇಳುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು. ವಸ್ತುವಿನ ಬಗ್ಗೆ ಇನ್ನೆರಡು ಪ್ರಶ್ನೆ ಕೇಳಿದೆ. ಗ್ಯಾರಂಟಿ ಎಷ್ಟು ವರ್ಷ ಎಂದೆ. ಪೈಪು ಎಷ್ಟು ಉದ್ದ ಎಂದೆ. ಆಗ ಹಿಂದಿನಿಂದ ಯಾರೋ ನಮಸ್ಕಾರ ಸಾರ್ ಎಂದರು. ತಿರುಗಿದರೆ ಮಹಿಳಾ ಸಂಘದ ಶಿಲ್ಪಶ್ರೀ. ಇನ್ನು ಐನೂರು ಹೋದರೂ ಸರಿ, ಇವರೆದುರು ಕೇಳಲಾರೆ ಎಂದು ನಿಶ್ಚಯಿಸಿದೆ.

ಅಮ್ಮ ನನ್ನ ಮೊಣಕೈ ಬಿಟ್ಟು ಕೌಂಟರಿನ ಹತ್ತಿರ ಹೋದಳು. ಹಲ್ಲಿಲ್ಲದ ಬಾಯಿಯ ಮಾತು ಅಂಗಡಿಯವನಿಗೆ ತಿಳಿಯಲೆಂದು ನಿಧಾನವಾಗಿ, ಎಲ್ಲರಿಗೂ ಕೇಳುವಂತೆ ಹೇಳಿದಳು.

“ಇವ್ನು ಐನೂರು ರೂಪಾಯಿ ಕೊಟ್ಟಿದಾನಂತೆ. ವಾಪಸ್ ಬೇಕಂತೆ. ಕೇಳಕ್ಕೆ ನಾಚ್ಕೆ ಇವ್ನಿಗೆ. ಡಾಕ್ಟ್ರಿಗೆ ಕೊಡೋ ದುಡ್ಡು ಅದು.”

ಅಂಗಡಿಯವನು ನನ್ನನ್ನೊಮ್ಮೆ, ಅಮ್ಮನನ್ನೊಮ್ಮೆ ನೋಡಿ, ಡ್ರಾಯರ್ ಎಳೆದು ಐನೂರರ ನೋಟು ಕೊಟ್ಟ. ಬೈದಿದ್ದರೆ ಸುಲಭವಾಗುತ್ತಿತ್ತು. ತಲೆ ತಗ್ಗಿಸಿ ಹೊರಡುವಾಗ ಶಿಲ್ಪಶ್ರೀಯವರ ಕೈಯಲ್ಲಿದ್ದ ದೊಡ್ಡ ಡಬ್ಬಿ ಕಣ್ಣಿಗೆ ಬಿತ್ತು. ಮೇಲೆ ಚಪಾತಿ ಮಾಡುವ ಯಂತ್ರದ ಚಿತ್ರವಿತ್ತು.

“ನಾನೂ ವಾಪಸ್ ಕೊಡಕ್ಕೇ ಬಂದಿದ್ದು ಸಾರ್. ನಮ್ಮನೇಲಿ ಚಪಾತಿ ಯಾರೂ ತಿನ್ನಲ್ಲ” ಎಂದರು ಮೆಲ್ಲಗೆ. ಆಮೇಲೆ, ಕೇಳೋಕೆ ಅರ್ಧ ಗಂಟೆಯಿಂದ ಧೈರ್ಯ ಬರುತ್ತಿಲ್ಲ, ನಿಮ್ಮ ಅಮ್ಮನನ್ನು ಸ್ವಲ್ಪ ಹೊತ್ತು ಇಲ್ಲೇ ಬಿಡುತ್ತೀರಾ ಎಂದು ಕೇಳಿದರು.

ಅಮ್ಮ ಅವರ ಕೆಲಸವನ್ನೂ ಮಾಡಿಕೊಟ್ಟು ಬಂದಳು. ಅವರಿಗೆ ಹಣ ಸಿಗಲಿಲ್ಲ, ಬದಲಿಗೆ ಕುಕ್ಕರು ಸಿಕ್ಕಿತು.

ಬಸ್ಸಿನಲ್ಲಿ ಮನೆಗೆ ಬಂದು ಎಲ್ಲವನ್ನೂ ಶ್ಯಾಮಲಾಗೆ ನಾನೇ ಹೇಳಿದೆ. ಅಮ್ಮ ಹೇಳುವ ಮೊದಲು ಹೇಳಿದರೆ ಒಂದಿಷ್ಟು ಮರ್ಯಾದೆ ಉಳಿದೀತು ಎಂಬ ಲೆಕ್ಕಾಚಾರ. ಅವಳು ಕೇಳಿ, ಸೂಜಿಗೆ ದಾರ ಪೋಣಿಸುತ್ತ, “ಮೊದ್ಲೂ ನೀವು ಹಿಂಗೇ ಇದ್ರಿ. ಸಾಮಾನಿನ ಚೀಟಿ ಬರೀತಿದ್ದೋಳು ನಾನು” ಎಂದಳು. ಅಷ್ಟೇ. ಅಷ್ಟೂ ವರ್ಷ ನಾನು ಭಾಷಣ ಮಾಡಿದ್ದು ಅವಳ ಚೀಟಿಗಳನ್ನು ಓದಿ ಎಂಬುದು ನನಗೂ ಅವತ್ತೇ ತಿಳಿದದ್ದು.

ಈಗ ಪರ್ಸು ಅವಳ ಹತ್ತಿರವಿದೆ, ಮೊಬೈಲಿನ ಹಣದ ಪಾಸ್‌ವರ್ಡ್ ಬದಲಾಗಿದೆ. ಗುಣವಾಗಿದ್ದೇನೆ ಎಂದು ಹೇಳಲಾರೆ. ಮೊನ್ನೆ ಗ್ರಂಥಾಲಯದ ಪೇಪರಿನಲ್ಲಿ ತೇವ ಹೀರುವ ಯಂತ್ರದ ಜಾಹೀರಾತು ಬಂದಿತ್ತು, ಅದನ್ನು ಎರಡು ಸಲ ಓದಿ ಪುಟ ತಿರುಗಿಸಿದೆ. ತಿರುಗಿಸಿದೆ ಎಂಬುದನ್ನೇ ದೊಡ್ಡದಾಗಿ ಹೇಳಿಕೊಳ್ಳುತ್ತಿದ್ದೇನೆ, ನೋಡಿ.

ಆರನೇ ಸಲಕ್ಕೆ ಹಲ್ಲು ಸಿದ್ಧವಾಯಿತು. ಡಾಕ್ಟರು ಕನ್ನಡಿ ಹಿಡಿದರು. ಅಮ್ಮ ತನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಕೆನ್ನೆ ತುಂಬಿಕೊಂಡು ಹತ್ತು ವರ್ಷ ಕಡಿಮೆಯಾದಂತೆ ಕಾಣುತ್ತಿದ್ದಳು. ಶ್ಯಾಮಲಾ ಇದಕ್ಕೆಂದೇ ಕೊಟ್ಟುಕಳಿಸಿದ್ದ ಇನ್ನೂರು ರೂಪಾಯಿಯಲ್ಲಿ ಹೋಟೆಲಿಗೆ ಕರೆದುಕೊಂಡು ಹೋದೆ. ಗರಿಗರಿಯಾದ ಮಸಾಲೆ ದೋಸೆ ಬಂತು. ಅಮ್ಮ ಸುತ್ತ ನೋಡಿ, ಸೆರಗು ಅಡ್ಡ ಹಿಡಿದು ಹಲ್ಲಿನ ಸೆಟ್ಟನ್ನು ತೆಗೆದು ಕರವಸ್ತ್ರದಲ್ಲಿ ಸುತ್ತಿಟ್ಟಳು. ದೋಸೆಯನ್ನು ಚಟ್ನಿಯಲ್ಲಿ ಅದ್ದಿ ಮೆದು ಮಾಡಿ ಒಸಡಿನಲ್ಲೇ ತಿನ್ನತೊಡಗಿದಳು.

ನೋಯುತ್ತಿದೆಯೇ ಎಂದು ಕೇಳಿದೆ.

“ನೋವೆಂತದೂ ಇಲ್ಲ. ಹೊಸ್ದಲ್ವಾ, ಸುಮ್ನೆ ಎಂತಕ್ಕೆ ಸವ್ಸೋದು” ಎಂದಳು.