ಕಾಮಾಕ್ಷಮ್ಮನ ಅರವತ್ತು

ಬಜೆಟ್ ಓದಿದ ದಿನ ಕಾಮಾಕ್ಷಮ್ಮ ಮಕ್ಕಳ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ಹಿರೇನಲ್ಲೂರು ಹೋಬಳಿಯ ಸರ್ಕಾರಿ ಶಾಲೆಯೊಂದರಲ್ಲಿ ಅವರು ಬಿಸಿಯೂಟದ ಅಡುಗೆಯವರು. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಹೆಡ್‌ಮಾಸ್ಟರ್ ಓಂಕಾರೇಶ್ ಮೊಬೈಲ್ ಹಿಡಿದುಕೊಂಡೇ ಅಡುಗೆಕೋಣೆಯ ಬಾಗಿಲಿಗೆ ಬಂದರು.

"ನಿಮ್ದು ಬಂತು ಕಣಮ್ಮ. ಬಿಸಿಯೂಟದೋರು ರಿಟೈರ್ ಆದ್ರೆ ಇಡುಗಂಟು ಕೊಡ್ತಾರಂತೆ."

"ಯಾವಾಗಿಂದ ಸಾ?"

"ಏಪ್ರಿಲ್ ಒಂದರಿಂದ," ಎಂದವರು ಮೊಬೈಲ್ ಜೇಬಿಗೆ ಇಟ್ಟುಕೊಂಡರು. ಕಾಮಾಕ್ಷಮ್ಮನಿಗೆ ಅರವತ್ತು ತುಂಬಿತು, ಮಾರ್ಚ್ ಮೂವತ್ತೊಂದಕ್ಕೆ ಬಿಡುಗಡೆ ಮಾಡಿ ಎಂಬ ಪತ್ರ ಜನವರಿಯಲ್ಲೇ ಬಂದಿತ್ತು. ಒಂದು ದಿನದ ಅಂತರ. ಅದೇ ಇಡುಗಂಟಿಗಾಗಿ ಅವರು ಕಡೂರಿನಲ್ಲಿ ರೈಲು ಹತ್ತಿ ನಾಲ್ಕು ಸಲ ಬೆಂಗಳೂರಿನ ಧರಣಿಗೆ ಹೋಗಿ ಬಂದಿದ್ದರು. ಈಗ ಅಳುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಒಲೆ ಸಣ್ಣ ಮಾಡಿ ಸಾರು ತಿರುವಿದರು.

ಲೆಕ್ಕ ತಪ್ಪಿದೆ ಎಂದವಳು ಮಗಳು ಸ್ಫೂರ್ತಿ. ಅಜ್ಜಂಪುರಕ್ಕೆ ಮದುವೆಯಾಗಿ ಹೋಗಿದ್ದವಳು ಆ ಭಾನುವಾರ ಬಂದಿದ್ದಳು.

"ನಿಂಗೆ ಅರವತ್ತು ಹೆಂಗಾಯ್ತದೆ ಅಮ್ಮ? ಸೋದರಮಾವ ನಿಂಗಿಂತ ಎರಡು ವರ್ಷ ದೊಡ್ಡೋರು. ಅವರ ಟಿ.ಸಿ. ಪ್ರಕಾರ ಅವರಿಗೇ ಐವತ್ತೊಂಬತ್ತು."

ಕಾಮಾಕ್ಷಮ್ಮ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕೆಲಸಕ್ಕೆ ಸೇರುವಾಗ ಹಳೆಯ ಹೆಡ್‌ಮಾಸ್ಟರ್ ಶ್ರೀನಿವಾಸಮೂರ್ತಿ ಬರೆದ ವಯಸ್ಸೇ ಅವರ ವಯಸ್ಸಾಗಿತ್ತು. ಆಮೇಲೆ ಆಧಾರ್‌ಗೂ ಅದೇ ಹೋಗಿತ್ತು.

ಮೇಷ್ಟ್ರು ನಿವೃತ್ತರಾಗಿ ತರೀಕೆರೆಯಲ್ಲಿದ್ದರು. ಮರುದಿನ ತಾಯಿ ಮಗಳು ಅಲ್ಲಿಗೆ ಹೋದರು. ಮೇಷ್ಟ್ರಿಗೆ ವಯಸ್ಸಾಗಿತ್ತು, ನೆನಪು ಮಾತ್ರ ಗಟ್ಟಿಯಾಗಿತ್ತು.

"ತಪ್ಪಲ್ಲ ಕಾಮಾಕ್ಷಿ, ಬೇಕಂತಲೇ ಬರೆದದ್ದು," ಎಂದರು. "ಗಂಡ ತೀರಿಕೊಂಡ ಇಬ್ಬರು ಅರ್ಜಿ ಹಾಕಿದ್ರಿ. ವಯಸ್ಸಲ್ಲಿ ದೊಡ್ಡವರಿಗೆ ಕೊಡೋಣ ಅಂತ ಕಮಿಟೀಲಿ ಅಂದ್ರು. ಈ ಹುಡುಗಿ ಆಗ ನಿನ್ನ ಕಂಕುಳಲ್ಲಿದ್ದಳು. ನಿನಗೆ ಮೂರು ವರ್ಷ ಸೇರಿಸಿಬಿಟ್ಟೆ."

ಇನ್ನೊಬ್ಬಾಕೆ ಯಾರೆಂದು ಕಾಮಾಕ್ಷಮ್ಮ ಕೇಳಲಿಲ್ಲ. ಅವರಿಗೆ ಗೊತ್ತಿತ್ತು. ಆಕೆ ಊರಲ್ಲೇ ಇದ್ದಳು, ಕೂಲಿ ಮಾಡಿಕೊಂಡು.

ಮೇಷ್ಟ್ರು ಹಾಳೆ ತರಿಸಿ, ವಯಸ್ಸನ್ನು ತಾನೇ ಹೆಚ್ಚಿಸಿ ಬರೆದದ್ದು ನಿಜ ಎಂದು ಬರೆಯತೊಡಗಿದರು. ಕಾಫಿ ತಂದ ಅವರ ಹೆಂಡತಿ ಸೀತಾದೇವಿ ಅಲ್ಲೇ ನಿಂತು ಓದಿದರು.

"ಇದರಿಂದ ನಿಮ್ಮ ಪೆನ್ಷನ್‌ಗೆ ಏನೂ ಆಗಲ್ವೇ?"

ಮೇಷ್ಟ್ರು ಬರೆದದ್ದನ್ನು ಮತ್ತೊಮ್ಮೆ ಓದಿದರು. ಪೆನ್ನು ಹಾಳೆಯ ಮೇಲೆ ತುಸು ಹೊತ್ತು ನಿಂತಿತು. ಆಮೇಲೆ ಸಹಿ ಹಾಕಿ ಮಡಚಿ ಕೊಟ್ಟರು. ಸೀತಾದೇವಿ ಕಾಮಾಕ್ಷಮ್ಮನ ಮುಖ ನೋಡದೆ ಲೋಟಗಳನ್ನು ಒಳಗೆ ತೆಗೆದುಕೊಂಡು ಹೋದರು.

ಮಗಳನ್ನು ಅಜ್ಜಂಪುರದ ಬಸ್ಸಿಗೆ ಹತ್ತಿಸಿ ಕಾಮಾಕ್ಷಮ್ಮ ಒಬ್ಬರೇ ಕಡೂರಿಗೆ ಬಂದರು. ಬಿಸಿಯೂಟದ ತಾಲ್ಲೂಕು ಕಚೇರಿ ಇನ್ನೂ ತೆರೆದಿತ್ತು. ಗುಮಾಸ್ತರು ತಲೆಯೆತ್ತಿ, "ಏನಮ್ಮಾ?" ಎಂದರು.

ಪತ್ರ ಚೀಲದಲ್ಲಿತ್ತು. ಕಾಮಾಕ್ಷಮ್ಮ ಚೀಲಕ್ಕೆ ಕೈ ಹಾಕಿದರು, ಬರಿಗೈಯನ್ನೇ ಹೊರಗೆ ತೆಗೆದರು.

"ಬಿಡುಗಡೆ ಪತ್ರ ಎಲ್ಲಿ ಇಸ್ಕೋಬೇಕು ಅಂತ ಕೇಳಾಣ ಅಂತ ಬಂದೆ ಸಾ."

"ಶಾಲೇಲೇ ಕೊಡ್ತಾರೆ."

ಸ್ಫೂರ್ತಿ ರಾತ್ರಿ ಫೋನ್ ಮಾಡಿ ಕೂಗಾಡಿದಳು. "ಮೂರು ವರ್ಷದ ದುಡಿಮೆ ಕಣಮ್ಮ. ಮೇಲೆ ಇಡುಗಂಟು. ಯಾಕೆ ಕೊಡ್ಲಿಲ್ಲ?"

"ಕೊಟ್ಟಿದ್ರೆ ಮೇಷ್ಟ್ರಿಗೆ ತೊಂದ್ರೆ. ಕೊಟ್ರೂ ನಂಗೆ ಆಯ್ತಿತ್ತೋ ಇಲ್ವೋ."

"ಅವರೇ ಬರೆದು ಕೊಟ್ರಲ್ಲ."

"ಅವರು ಕೊಟ್ರು." ಕಾಮಾಕ್ಷಮ್ಮ ಅಷ್ಟು ಹೇಳಿ ಫೋನಿಟ್ಟರು. ತಾನು ಮಾಡಿದ್ದು ಒಳ್ಳೆಯದು ಎಂದೂ ಅವರಿಗೆ ಅನ್ನಿಸಿರಲಿಲ್ಲ. ಚೀಲದಿಂದ ಪತ್ರ ತೆಗೆಯಲು ಕೈ ಬಂದಿರಲಿಲ್ಲ, ಅಷ್ಟೇ.

ಕಡೆಯ ದಿನ ಶಾಲೆಯಲ್ಲಿ ಸೀರೆ, ಶಾಲು ಕೊಟ್ಟರು. ಮಕ್ಕಳು ಚಪ್ಪಾಳೆ ತಟ್ಟಿದವು. ಪಾತ್ರೆಗಳನ್ನು ತಾನೇ ತೊಳೆಯುತ್ತೇನೆಂದು ಕಾಮಾಕ್ಷಮ್ಮ ಹಟ ಹಿಡಿದರು. ಓಂಕಾರೇಶ್ ಪಕ್ಕದಲ್ಲಿ ನಿಂತು, ಸಮಾಧಾನಕ್ಕೋ ಏನೋ, "ನಂಗೂ ಹಳೇ ಪೆನ್ಷನ್ ಇಲ್ಲ ಕಣಮ್ಮ. ಅದು ನಿಂತ ಎರಡು ವರ್ಷಕ್ಕೆ ನಾನು ಕೆಲಸಕ್ಕೆ ಸೇರಿದೆ. ನಾವೂ ಪ್ರತಿ ಬಜೆಟ್ಟಲ್ಲಿ ಕಾಯೋದೇ," ಎಂದರು.

"ನಿಮಗೆ ಬತ್ತದೆ ಬಿಡಿ ಸಾ," ಎಂದರು ಕಾಮಾಕ್ಷಮ್ಮ. ಅನ್ನದ ಪಾತ್ರೆ ಬೋರಲು ಹಾಕಿ, ಬೀಗದ ಕೈ ಕೊಟ್ಟು ಹೊರಟರು.

ಒಂದು ತಿಂಗಳು ಮನೆಯಲ್ಲೇ ಕುಳಿತರು. ಮೇ ತಿಂಗಳಲ್ಲಿ ಕಡೂರಿನ ಒಂದು ಮೆಸ್ಸಿನವರು ಚಪಾತಿ ಲಟ್ಟಿಸಲು ಜನ ಬೇಕೆಂದರು. ಕಾಮಾಕ್ಷಮ್ಮ ಹೋದರು. ಮೊದಲ ದಿನವೇ ಮಾಲೀಕ ವಿಶ್ವನಾಥ್ ಕೈಯ ಬಿರುಸು ನೋಡಿ, "ದಿನಾ ಬಂದ್ಬಿಡಿ ಅಮ್ಮ, ಎಷ್ಟು ವರ್ಷ ಆಯ್ತದೋ ಅಷ್ಟು ವರ್ಷ," ಎಂದ.

"ಆಯ್ತಪ್ಪ," ಎಂದು ಕಾಮಾಕ್ಷಮ್ಮ ಮುಂದಿನ ಉಂಡೆ ತೆಗೆದುಕೊಂಡರು.