ದೊಡ್ಡಮ್ಮನ ಪರಂಗಿಗೆ ಬಂದ ವೈರಸ್

ಚಾಮರಾಜಪೇಟೆಯ ನನ್ನ ದೊಡ್ಡಮ್ಮ ಗಣಿತ ಕಲಿಸಿ ನಿವೃತ್ತರಾದವರು. ಯಾವ ವಿಷಯದಲ್ಲೂ ತಪ್ಪು ತಮ್ಮದಲ್ಲ ಎಂಬುದು ಅವರಿಗೆ ಲೆಕ್ಕ ಮಾಡದೆಯೇ ಗೊತ್ತಿರುತ್ತದೆ. ಹಿತ್ತಲಿನ ಪರಂಗಿ ಮರದ ಎಲೆಗಳು ಹಳದಿಯಾಗಿ ಮುರುಟಿ, ಕಾಯಿಗಳ ಮೇಲೆ ಉಂಗುರದಂಥ ಕಲೆಗಳೆದ್ದಾಗಲೂ ಅಷ್ಟೇ.

“ಪಕ್ಕದ್ಮನೆ ಮರದಿಂದ್ಲೇ ಬಂದಿರೋದು. ನೀನು ಗಿಡದ ವೈರಸ್ಸೇ ಓದಿರೋದಲ್ವಾ, ಪ್ರೂವ್ ಮಾಡು.”

ನಗರದ ಪರಂಗಿ ಎಲೆಗಳ ಮಾದರಿಗಳು ನಮ್ಮ ಲ್ಯಾಬಿಗೂ ಬೇಕಾಗಿದ್ದವು. ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಬೈಯುತ್ತಾರೇನೋ ಎಂದು ಅಳುಕುತ್ತಲೇ ಎಲೆ ಕೇಳಿದೆ. ಅವರು ಖುಷಿಯಿಂದ ಏಣಿ ಹಾಕಿ ತಾವೇ ಕಿತ್ತುಕೊಟ್ಟರು. “ಚೆನ್ನಾಗಿ ನೋಡಮ್ಮಾ. ನಿಮ್ಮ ದೊಡ್ಡಮ್ಮನ ಮರದಿಂದ್ಲೇ ನಮ್ಗೆ ಅಂಟಿರೋದು.”

ಎರಡೂ ಮರಗಳ ವೈರಸ್‌ಗಳ ಜೀನೋಮ್, ಅಂದರೆ ಅವುಗಳ ವಂಶವಾಹಿ ಬರಹ, ಓದಿಸಿ, ಸಾವಿರಾರು ಅಕ್ಷರಗಳನ್ನು ಒಂದರ ಕೆಳಗೊಂದು ಜೋಡಿಸಿ ಹೋಲಿಸಿದೆ. ಈಚೆಗೆ ಒಂದು ಮರದಿಂದ ಇನ್ನೊಂದಕ್ಕೆ ದಾಟಿದ್ದರೆ ಅವು ಹೆಚ್ಚುಕಡಿಮೆ ಒಂದೇ ಆಗಿರಬೇಕಿತ್ತು. ಆಗಿರಲಿಲ್ಲ; ಉದ್ದಕ್ಕೂ ವ್ಯತ್ಯಾಸ. ರೋಗ ಒಂದೇ, ಅದನ್ನು ಹೊತ್ತು ತಂದ ಗಿಡಹೇನುಗಳು ಮಾತ್ರ ಬೇರೆ ಬೇರೆ ಕಡೆಯಿಂದ ಬಂದಿದ್ದವು.

ಭಾನುವಾರ ಕಾಂಪೌಂಡ್ ಗೋಡೆಯ ಬಳಿ ಇಬ್ಬರಿಗೂ ತೀರ್ಪು ಹೇಳಿದೆ.

“ಅಂದ್ರೆ ನಮ್ ವೈರಸ್ಸಿಗೂ ಅವ್ರ ವೈರಸ್ಸಿಗೂ ಸಂಬಂಧ ಇಲ್ಲ?” ಎಂದರು ದೊಡ್ಡಮ್ಮ.

“ಹತ್ತಿರದ್ದಂತೂ ಇಲ್ಲ.”

“ನಂಗೊತ್ತಿತ್ತು. ಗೋತ್ರಾನೇ ಬೇರೆ.”

ಪಕ್ಕದವರು ಬಿಡಲಿಲ್ಲ. “ಎರಡ್ರಲ್ಲಿ ಯಾವ್ದಮ್ಮಾ ಜಾಸ್ತಿ ಸ್ಟ್ರಾಂಗು?”

“ಅದು ಈ ಟೆಸ್ಟಲ್ಲಿ ಗೊತ್ತಾಗಲ್ಲ ಅಂಕಲ್.”

“ನಮ್ದೇ ಇರ್ಬೇಕು. ಮರ ನೋಡಿ, ಹೆಂಗೆ ಸುಸ್ತಾಗಿದೆ!”

ಇದಕ್ಕೆ ಔಷಧಿಯಿಲ್ಲ, ಎರಡನ್ನೂ ಕಡಿಯಬೇಕು ಎಂದಾಗ ಇಬ್ಬರೂ ಮೊದಲ ಬಾರಿಗೆ ಒಂದಾದರು, ನನ್ನ ವಿರುದ್ಧ. “ಇಷ್ಟೆಲ್ಲಾ ಓದಿ, ಒಂದು ಔಷಧಿ ಇಲ್ವಾ?” ಕಳ್ಳನ ವಂಶಾವಳಿ ಹೇಳಬಲ್ಲೆ, ಮಾಲು ವಾಪಸ್ ತರಲಾರೆ. ನನ್ನ ವಿದ್ಯೆಯೇ ಹಾಗೆ.

ಮುಂದಿನ ವಾರ ಪಕ್ಕದವರೇ ಮಚ್ಚು ಹಿಡಿದು ತಮ್ಮದನ್ನು ಕೆಡವಿ, ಗೋಡೆ ಸುತ್ತಿ ಬಂದು ನಮ್ಮದನ್ನೂ ಕಡಿದರು. ಅಷ್ಟು ಹೊತ್ತೂ ದೊಡ್ಡಮ್ಮ ಒಳಗೆ ಕೂತು ಟಿವಿ ಜೋರು ಮಾಡಿಕೊಂಡಿದ್ದರು. ಕಾಫಿ ಕೊಡಲು ಹೊರಬಂದಾಗ ಕಣ್ಣು ಕೆಂಪಾಗಿತ್ತು. ನಾನು ಕಂಡೂ ಕಾಣದಂತೆ ಇದ್ದೆ.

ಈಗ ದೊಡ್ಡಮ್ಮನ ಹಿತ್ತಲಿನ ಆ ಜಾಗದಲ್ಲಿ ನುಗ್ಗೆ ಬೆಳೆದಿದೆ. ಮೊನ್ನೆ ಪಕ್ಕದವರು ಫೋನ್ ಮಾಡಿದ್ದರು. “ನಮ್ಮ ಗೋಡೆ ತುಂಬಾ ಕಂಬಳಿಹುಳ ಕಣಮ್ಮಾ. ಅದಕ್ಕೂ ಟೆಸ್ಟ್ ಇದ್ಯಾ?”