ಮೋಟರ್ ಕಟ್ಟುವವರು ಇಲ್ಲಿದ್ದೇವೆ

ಕೊಳ್ಳೇಗಾಲದ ನಮ್ಮ ಅಂಗಡಿಗೆ ಬೋರ್ಡು ಇತ್ತು. ಆದರೆ ಅದನ್ನು ಓದಿಕೊಂಡು ಬಂದವರನ್ನು ನಾನು ಕಂಡಿಲ್ಲ. ಹನೂರು ರಸ್ತೆಯ ಹುಣಸೆಮರದ ಪಕ್ಕ ಎಂದರೆ ಸಾಕಿತ್ತು, ಎಲ್ಲರೂ ಬರುತ್ತಿದ್ದರು. ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳನ್ನು ಬಿಚ್ಚಿ, ಕರಕಲಾದ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿಕೊಡುವುದು ನಮ್ಮ ಮನೆಯ ಕಸುಬು. ಮಾವ ಶುರು ಮಾಡಿದ್ದನ್ನು ಅವರು ಹೋದ ಮೇಲೆ ನನ್ನ ಗಂಡ ಮುಂದುವರಿಸಿದರು. ಅತ್ತೆಯಂತೂ ಮಾವನ ಕಾಲದಿಂದಲೂ ಮರದ ಕೆಳಗೆ ಮಣೆ ಹಾಕಿಕೊಂಡು, ಮಡಿಲಲ್ಲಿ ತಂತಿಯ ಸುರುಳಿ ಇಟ್ಟುಕೊಂಡು ಕಾಯಿಲ್ ಸುತ್ತುತ್ತಿದ್ದರು. ಸುತ್ತುತ್ತಲೇ ರಸ್ತೆಯ ಮೇಲೊಂದು ಕಣ್ಣು. ಹೆಗಲ ಮೇಲೆ ಮೋಟರ್ ಹೊತ್ತವನು ಕಂಡರೆ ಅಲ್ಲಿಂದಲೇ ಕೂಗು: "ಇಲ್ಲೇ ಕಣಪ್ಪಾ, ಬಾ, ಇಳಿಸು, ನೀರ್ ಕುಡಿ."

ಆಮೇಲೆ ರಸ್ತೆ ಅಗಲವಾಯಿತು. ಮರವೂ ಹೋಯಿತು, ಅಂಗಡಿಯ ಮುಂದಿನ ಭಾಗವೂ ಹೋಯಿತು. ನಾವು ಹಿಂದಿನ ಗಲ್ಲಿಯಲ್ಲಿ ಒಂದು ಮಳಿಗೆ ಹಿಡಿದೆವು. ಬಾಡಿಗೆ ಕಡಿಮೆ, ಜಾಗ ದೊಡ್ಡದು, ನೆರಳೂ ಉಂಟು. ಆದರೆ ಗಿರಾಕಿ ಮಾತ್ರ ಬರಲಿಲ್ಲ.

"ಕೆಲ್ಸ ಚೆನ್ನಾಗಿದ್ರೆ ಹುಡಿಕಂಡು ಬತ್ತಾರೆ ಬುಡು" ಎಂದು ನನ್ನ ಗಂಡ ಹೇಳುತ್ತಿದ್ದರು. ಹೇಳಿ, ಉಜ್ಜಿದ ಸ್ಪ್ಯಾನರನ್ನೇ ಮತ್ತೆ ಉಜ್ಜುತ್ತಿದ್ದರು.

ಅತ್ತೆ ಮೊದಮೊದಲು ಹೊಸ ಅಂಗಡಿಗೂ ಬಂದರು. ಕೂತರೆ ಎದುರಿಗೆ ಪಕ್ಕದವರ ಕಾಂಪೌಂಡು. ಕೂಗಿ ಕರೆಯುವುದಕ್ಕೆ ಯಾರೂ ಇಲ್ಲ. ಕೊನೆಗೆ ಒಂದು ದಿನ, "ಗೋಡೆ ನೋಡ್ಕಂಡು ಕೂತ್ಕಳಕೆ ನಂಗಾಗಲ್ಲ ಕಣವ್ವ" ಎಂದವರು ಮನೆಯಲ್ಲೇ ಉಳಿದುಬಿಟ್ಟರು. ಕೈಗೆ ಕೆಲಸವಿಲ್ಲದೆ ಅಕ್ಕಿಯನ್ನು ದಿನಕ್ಕೆ ಎರಡು ಸಲ ಆರಿಸುತ್ತಿದ್ದರು.

ಒಂದು ಬೆಳಿಗ್ಗೆ ಅತ್ತೆಯೂ ನಾನೂ ತರಕಾರಿಗೆ ಹೋಗಿದ್ದಾಗ ಕೌದಳ್ಳಿಯ ಹಳೆಯ ಗಿರಾಕಿಯೊಬ್ಬರು ಸಿಕ್ಕಿದರು. ಮಾವನ ಕಾಲದವರು. ಅತ್ತೆಯನ್ನು ನೋಡಿದ್ದೇ ತಡ ದೂರಿದರು. "ಏನಕ್ಕ, ಯಾಪಾರ ಮುಚ್ಚಿಬುಟ್ರಂತೆ? ಒಂದ್ ಮಾತು ಯೋಳ್ಬಾರ್ದಾ? ಮೋಟ್ರು ತಕಂಡು ಊರೆಲ್ಲ ಸುತ್ತಿ ವಾಪಸ್ ಓದೆ."

"ಮುಚ್ಚವ್ರೆ ಅಂತ ಯಾರಂದ್ರು ನಿಂಗೆ?"

"ನನ್ನ ಮೊಮ್ಮಗಳು ಫೋನಲ್ಲಿ ನೋಡಿದ್ಲು. ಫೋನೇ ಯೋಳ್ತು."

ಅತ್ತೆ ನನ್ನ ಕಡೆ ತಿರುಗಿದರು. ಮದುವೆಗೆ ಮೊದಲು ನಾನು ಯಳಂದೂರಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ ಆನ್‌ಲೈನ್ ಅರ್ಜಿಗಳನ್ನು ತುಂಬಿಕೊಡುತ್ತಿದ್ದೆ. ಹಾಗಾಗಿ ಮನೆಯಲ್ಲಿ ಫೋನಿಗೆ ಸಂಬಂಧಿಸಿದ್ದೆಲ್ಲ ನನ್ನ ಪಾಲು.

ಮನೆಗೆ ಬಂದು ಚೀಲವನ್ನೂ ಬಿಚ್ಚದೆ ಹುಡುಕಿದೆ. ಕೊಳ್ಳೇಗಾಲದಲ್ಲಿ ಮೋಟರ್ ರಿಪೇರಿ ಎಂದು ಟೈಪಿಸಿದರೆ ಮೊದಲು ಮೈಸೂರಿನ ಅಂಗಡಿಗಳು ಬಂದವು, ಆಮೇಲೆ ಸ್ಕೂಟರ್ ಗ್ಯಾರೇಜುಗಳು. ಬೆರಳು ನೋಯುವಷ್ಟು ಕೆಳಗೆ ಹೋದ ಮೇಲೆ ನಮ್ಮದು ಸಿಕ್ಕಿತು. ಹಿಂದೆ ಯಾವನೋ ಪುಣ್ಯಾತ್ಮ ಅದನ್ನು ನಕ್ಷೆಗೆ ಸೇರಿಸಿದ್ದ. ಹೆಸರಿನ ಕೆಳಗೆ ಕೆಂಪಕ್ಷರದಲ್ಲಿ 'ಶಾಶ್ವತವಾಗಿ ಮುಚ್ಚಲಾಗಿದೆ' ಎಂದಿತ್ತು.

ಓದಿ ಹೇಳಿದೆ. ಅತ್ತೆಯ ಮುಖ ಕೆಂಪಾಯಿತು. "ಶಾಸ್ವತವಾಗಾ? ಅದನ್ ಬರೆದೋನು ಎಲ್ಲವ್ನೆ?"

"ಯಾರೂ ಬೇಕಂತ ಬರೆದಿಲ್ಲ ಅತ್ತೆ. ಹಳೇ ಜಾಗ ಖಾಲಿ ಕಂಡಿರುತ್ತೆ, ಯಾರೋ ಒತ್ತಿರ್ತಾರೆ."

"ಅಂಗಾರೆ ನೀನೂ ಒತ್ತು. ಬದುಕಿದೀವಿ ಅಂತ ಒತ್ತು."

ಅಂಗಡಿ ನಮ್ಮದೇ ಎಂದು ಸಾಬೀತು ಮಾಡಲು ನಕ್ಷೆಯವರಿಗೆ ಒಂದು ವಿಡಿಯೋ ಕಳಿಸಬೇಕಿತ್ತು. ರಸ್ತೆಯಿಂದ ಶುರುವಾಗಿ ಗಲ್ಲಿ, ಬೋರ್ಡು, ಬಾಗಿಲು ತೆಗೆಯುವುದು, ಒಳಗಿನ ಸಾಮಾನು, ಎಲ್ಲ ನಡುವೆ ನಿಲ್ಲಿಸದೆ ಒಂದೇ ಓಟದಲ್ಲಿ ತೋರಿಸಬೇಕು. ನಾನು ಫೋನು ಹಿಡಿದೆ. ನನ್ನ ಗಂಡ ಮದುವೆಯ ದಿನ ಹಾಕಿದ್ದ ಅಂಗಿ ಹಾಕಿಕೊಂಡು ಬಂದರು. ಷಟರ್ ಎತ್ತುವಾಗ ಕ್ಯಾಮೆರಾ ನೋಡಿ ಕೈಮುಗಿದರು. ಕೈಮುಗಿದ ಕಾರಣಕ್ಕೆ ಷಟರ್ ಕೆಳಗಿಳಿಯಿತು. ಮತ್ತೆ ತೆಗೆದಾಗ ಗಲ್ಲಿಯ ಮೇಕೆಯೊಂದು ನಮಗಿಂತ ಮುಂಚೆ ಒಳಗೆ ಹೋಯಿತು. ಈ ಗಲಾಟೆ ಕೇಳಿ ಅತ್ತೆ ಮನೆಯಿಂದ ಬಂದರು. ನಮ್ಮಿಬ್ಬರನ್ನೂ ಒಂದು ಸಲ ನೋಡಿ ನೇರವಾಗಿ ಒಳಗೆ ಹೋಗಿ ಮಣೆಯ ಮೇಲೆ ಕೂತು ತಂತಿ ಸುತ್ತತೊಡಗಿದರು. "ನೀ ತಗಿ, ನಾ ಕೆಲ್ಸ ಮಾಡ್ತೀನಿ. ಕೆಲ್ಸ ನೋಡುದ್ರೆ ಅಂಗ್ಡಿ ಅಂತ ಗೊತ್ತಾಗಲ್ವಾ?"

ಆ ವಿಡಿಯೋ ಒಪ್ಪಿಗೆಯಾಯಿತು. ಕೆಂಪಕ್ಷರ ಹೋಗಿ ನಮ್ಮ ಗುರುತು ಹೊಸ ಗಲ್ಲಿಗೆ ಬಂತು. ವಿಡಿಯೋ ತೆಗೆದ ದಿನವೇ ಅತ್ತೆಯ ಒಂದು ಫೋಟೋವನ್ನೂ ತೆಗೆದಿದ್ದೆ, ಅದನ್ನೇ ಅಂಗಡಿಯ ಮುಖಚಿತ್ರವಾಗಿ ಹಾಕಿದೆ. ಕನ್ನಡಕ ಮೂಗಿನ ತುದಿಗೆ ಜಾರಿದೆ, ಮಡಿಲ ತುಂಬ ತಾಮ್ರ ಹೊಳೆಯುತ್ತಿದೆ.

ಆದರೂ ಫೋನು ರಿಂಗಾಗಲಿಲ್ಲ. ನಾನು ಬರೆದಿದ್ದ ವಿವರಣೆಯನ್ನು ಅತ್ತೆಗೆ ಓದಿ ಹೇಳಿದೆ. 'ಎಲೆಕ್ಟ್ರಿಕಲ್ ಮೋಟರ್ ರಿವೈಂಡಿಂಗ್ ಸೇವೆಗಳು' ಎಂದು ಚೆಂದವಾಗಿಯೇ ಬರೆದಿದ್ದೆ.

"ಯಾರವ್ವ ಅಂಗಂತಾರೆ? ಮೋಟ್ರು ಕಟ್ಟೋರು ಎಲ್ಲವ್ರೆ ಅಂತ ಕೇಳ್ತಾರೆ. ಮಾರ್ಟಳ್ಳಿ ಕಡೆ ತಮಿಳಿನೋರು ಕಾಯಿಲ್ ಕಟ್ರದು ಅಂತಾರೆ. ರೇಷ್ಮೆ ನೂಲು ತೆಗಿಯೋರು ಚರಕದ ಮೋಟ್ರು ಅಂತಾರೆ. ಸುಟ್ಟೋದ್ ಮೋಟ್ರು ಅಂತ್ಲೂ ಬರಿ. ಸುಟ್ಟೋದಾಗ್ಲೇ ಅಲ್ವಾ ನಮ್ಮ ನೆಪ್ಪಾಗದು?"

ಅವರು ಹೇಳಿದಂತೆಯೇ ಬರೆದೆ. ಯಾವ ಯಾವ ಊರಿಗೆ ಹೋಗಿ ಪಂಪು ಇಳಿಸಿಕೊಡುತ್ತೇವೆ ಎಂದೂ ಸೇರಿಸಿದೆ: ಹನೂರು, ಲೊಕ್ಕನಹಳ್ಳಿ, ಒಡೆಯರಪಾಳ್ಯ, ಯಳಂದೂರು, ಬೆಟ್ಟದ ಮೇಲಿನ ಹಾಡಿಗಳು. ಆಮೇಲೆ ನಿಜವಾಗಿಯೂ ಕರೆಗಳು ಬರತೊಡಗಿದವು. ಒಡೆಯರಪಾಳ್ಯದ ಟಿಬೆಟನ್ ಶಿಬಿರದ ಒಬ್ಬ ಹೆಂಗಸು ಜೋಳ ಬಿಡಿಸುವ ಯಂತ್ರದ ಮೋಟರನ್ನು ಜೀಪಿನಲ್ಲಿ ತಂದರು. ಯಾರನ್ನೂ ದಾರಿ ಕೇಳದೆ ನೇರ ಬಾಗಿಲಿಗೇ ಬಂದಿದ್ದರು. "ಫೋನು ಬಲಕ್ಕೆ ತಿರುಗು ಅಂತು, ತಿರುಗಿದೆ" ಎಂದು ನಕ್ಕರು.

ನಕ್ಷೆಯಲ್ಲಿ ನಮ್ಮ ಬಗ್ಗೆ ನಾಲ್ಕು ಮಾತು ಬರೆಯಿರಿ ಎಂದು ಬಂದವರನ್ನೆಲ್ಲ ನಾನು ಕೇಳುತ್ತಿದ್ದೆ. ಕೌದಳ್ಳಿಯ ಹಿರಿಯರೂ ಮತ್ತೆ ಮೋಟರ್ ತಂದರು. ಬರೆಯಲು ಬರುವುದಿಲ್ಲ, ಹೇಳುತ್ತೇನೆ ಎಂದರು. ಫೋನನ್ನು ಬಾಯಿಯ ಹತ್ತಿರ ಹಿಡಿದೆ. "ಮೋಟ್ರು ಚೆನ್ನಾಗಿ ಕಟ್ಟವ್ರೆ, ನೀರು ಮೊದ್ಲಂಗೆ ಉಕ್ತದೆ" ಎಂದು ಅವರು ಗದ್ದೆಯಲ್ಲಿ ಕೂಗುವಂತೆ ಕೂಗಿದರು. ಫೋನು ಕೇಳಿಸಿಕೊಂಡು, 'ಮುತ್ತು ಚೆನ್ನಾಗಿ ಕಟ್ಟವರೆ, ನೀರು ಮೊಲದಂಗೆ ಉಕ್ತದೆ' ಎಂದು ಬರೆಯಿತು. ನಾನು ನಗು ತಡೆಯುವಷ್ಟರಲ್ಲಿ ಅವರ ಹೆಬ್ಬೆರಳು ಗುಂಡಿಯ ಮೇಲೆ ಬಿದ್ದು ಅದು ಲೋಕಕ್ಕೆಲ್ಲ ಕಾಣಿಸಿಕೊಂಡಾಗಿತ್ತು. ತೆಗೆಸು ಎಂದು ನನ್ನ ಗಂಡ ಪಟ್ಟು ಹಿಡಿದರು. ತೆಗೆಸಲಿಲ್ಲ. ಆಮೇಲೆ ಕರೆ ಮಾಡಿದ ಎಷ್ಟೋ ಜನ ಮೊದಲು ಮೊಲದ ವಿಷಯ ಕೇಳಿ ಆಮೇಲೆ ಮೋಟರಿನ ವಿಷಯಕ್ಕೆ ಬರುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ನನ್ನ ಗಂಡ ತಲೆಗೆ ಎಣ್ಣೆ ಹಚ್ಚಿಕೊಂಡು ಸ್ನಾನಕ್ಕೆ ಕಾಯುತ್ತಿದ್ದರು. ಫೋನು ಬಂತು. ಯಳಂದೂರಿನಿಂದ, ಮದುವೆಮನೆಯ ಗದ್ದಲದ ನಡುವಿನಿಂದ ಒಬ್ಬರು ಕಿರುಚುತ್ತಿದ್ದರು.

"ಅಜ್ಜಿ ಫೋಟೋ ಇರೋ ಅಂಗ್ಡಿನಾ? ಛತ್ರದ ಮೋಟ್ರು ಹೊಗೆ ಬಂದು ನಿಂತೋಯ್ತು ಸಾ, ಟ್ಯಾಂಕಲ್ಲಿ ತೊಟ್ಟು ನೀರಿಲ್ಲ. ಅಡುಗೆಯೋರು ಕೈ ಕಟ್ಕಂಡು ಕೂತವ್ರೆ. ಎಲ್ಲಾ ಅಂಗ್ಡಿನೂ ಮುಚ್ಚದೆ ಅಂತದೆ ಫೋನು, ನಿಮ್ದೊಂದೇ ತೆಗ್ದದೆ ಅಂತ ತೋರುಸ್ತದೆ!"

ಭಾನುವಾರ ರಜಾ ಎಂದು ಹಾಕುವುದನ್ನು ನಾನು ಮರೆತಿದ್ದೆ. ಗಂಡ ನನ್ನ ಕಡೆ ನೋಡಿದರು, ಎಣ್ಣೆ ಹಣೆಗಿಳಿಯುತ್ತಿತ್ತು. ಇವತ್ತು ಆಗುವುದಿಲ್ಲ ಎನ್ನಲು ಬಾಯಿ ತೆರೆದಿದ್ದರೇನೋ. ಅಷ್ಟರಲ್ಲಿ ಅತ್ತೆ ಒಳಗಿನಿಂದ ಸೆರಗು ಸಿಕ್ಕಿಸಿಕೊಂಡು ಬಂದರು.

"ಮದ್ವೆ ಮನೆ ಕಣ್ಲಾ! ಏಳು. ಆ ರೆಡಿ ಮೋಟ್ರು ಆಟೋಕ್ಕೆ ಹಾಕು. ನಾನೂ ಬತ್ತೀನಿ, ಫೋಟೋ ನೋಡಿ ಕರ್ದವ್ರೆ."

ಸುಟ್ಟ ಮೋಟರನ್ನು ಕಟ್ಟಲು ಇಡೀ ದಿನ ಬೇಕು. ಅದಕ್ಕೆ ಅಂಗಡಿಯಲ್ಲಿ ಸಿದ್ಧವಾಗಿದ್ದ ಬೇರೆ ಮೋಟರೊಂದನ್ನು ತಾತ್ಕಾಲಿಕವಾಗಿ ಕೂರಿಸುವುದು ಅತ್ತೆಯ ಉಪಾಯ. ಗೂಡ್ಸ್ ಆಟೋದ ಹಿಂದೆ ಮೋಟರನ್ನು ನಡುವೆ ಇಟ್ಟುಕೊಂಡು ನಾನೂ ಅತ್ತೆಯೂ ಕೂತೆವು. ಗಾಳಿಗೆ ಅವರ ಸೆರಗು ಹಾರುತ್ತಿತ್ತು. ಮಾಂಬಳ್ಳಿ ದಾಟುವಾಗ ಅವರು ದಾರಿಬದಿಯವರಿಗೆಲ್ಲ ಕೈಬೀಸುತ್ತಿದ್ದುದನ್ನು ಕಂಡೆ. ಬಹಳ ದಿನಗಳ ಮೇಲೆ ಅವರು ಅಷ್ಟು ಗೆಲುವಾಗಿದ್ದರು.

ಛತ್ರದ ಹಿಂದೆ ನನ್ನ ಗಂಡ ಎಣ್ಣೆತಲೆಯಲ್ಲೇ ಬಗ್ಗಿ ಹಳೆಯದನ್ನು ಬಿಚ್ಚಿದರು. ಅತ್ತೆ ಪಕ್ಕದಲ್ಲಿ ಕೂತು ತಂತಿಗಳ ತುದಿ ಹೆರೆದು ಕೊಟ್ಟರು. ಮದುಮಗಳ ಸೋದರಮಾವ, ಫೋನು ಮಾಡಿದವರು ಅವರೇ, ನಮ್ಮ ತಲೆಯ ಮೇಲೆ ಛತ್ರಿ ಹಿಡಿದು ನಿಂತಿದ್ದರು. ಸ್ವಿಚ್ ಒತ್ತಿದಾಗ ಮೋಟರ್ ಒಮ್ಮೆ ಗೊರಗೊರ ಎಂದು ಆಮೇಲೆ ಹದವಾಗಿ ಗುನುಗಿತು. ಪೈಪಿನಲ್ಲಿ ನೀರು ಏರುವ ಸದ್ದು ಕೇಳಿಸಿತು. ಅಡುಗೆಮನೆಯಿಂದ ಒಂದು ದೊಡ್ಡ ಕೇಕೆ.

ಅವರು ನಮ್ಮನ್ನು ಊಟಕ್ಕೆ ಕೂರಿಸದೆ ಬಿಡಲಿಲ್ಲ. ಮದುಮಕ್ಕಳ ಜೊತೆ ಅತ್ತೆಯನ್ನು ನಿಲ್ಲಿಸಿ ಫೋಟೋ ತೆಗೆದರು. ಪಂಕ್ತಿಯಲ್ಲಿ ಹನೂರಿನ ಕಡೆಯ ನೆಂಟರು ಅತ್ತೆಯನ್ನು ಗುರುತಿಸಿ, "ಅಯ್ಯೋ, ನೀವು ಮುಚ್ಚನಿಲ್ವಾ?" ಎಂದಾಗ ಅತ್ತೆ ಪಾಯಸದ ಲೋಟ ಕೆಳಗಿಟ್ಟು ಅಲ್ಲೇ ಅವರಿಗೆ ನಕ್ಷೆ ತೋರಿಸುವಂತೆ ನನಗೆ ಹೇಳಿದರು. ಎಲೆ ಎತ್ತುವ ಹೊತ್ತಿಗೆ ಆ ಸಾಲಿನಲ್ಲಿದ್ದವರ ಫೋನುಗಳಲ್ಲೆಲ್ಲ ನಾವಿದ್ದೆವು.

ಮಾರನೆಯ ದಿನ ನಾನು ಅಂಗಡಿಗೆ ಹೋಗುವಷ್ಟರಲ್ಲಿ ಅತ್ತೆ ಆಗಲೇ ಬಂದು, ಛತ್ರದ ಸುಟ್ಟ ಮೋಟರನ್ನು ಮುಂದಿಟ್ಟುಕೊಂಡು ಕೂತಿದ್ದರು. ಆಮೇಲೆ ಮನೆಯಲ್ಲಿ ಉಳಿಯುವ ಮಾತೇ ಎತ್ತಲಿಲ್ಲ. ಕರೆ ಬಂದರೆ ಈಗ ಅವರೇ ಎತ್ತುತ್ತಾರೆ. ದನಿ ಕೇಳಿಯೇ ಯಾವ ಊರಿನವರೆಂದು ಹೇಳಿ ಅವರನ್ನು ಬೆರಗುಗೊಳಿಸುತ್ತಾರೆ. ನನ್ನ ಗಂಡನಿಗೆ ಸ್ಪ್ಯಾನರ್ ಉಜ್ಜಲು ಪುರುಸೊತ್ತಿಲ್ಲ.

ಸುದ್ದಿ ಗಲ್ಲಿಯಲ್ಲಿ ಹರಡಿತು. ವೆಲ್ಡಿಂಗಿನವರು ಬಂದರು, ಬಡಗಿ ಬಂದರು. ಮಧ್ಯಾಹ್ನದ ಊಟವಾದ ಮೇಲೆ ನಾನು ಫೋನು ಹಿಡಿದು ಅವರವರ ಅಂಗಡಿಯ ಮುಂದೆ ನಿಲ್ಲುತ್ತೇನೆ. ಷಟರ್ ಎತ್ತುವಾಗ ಕೈಮುಗಿಯಬೇಡಿ ಎಂದು ನನ್ನ ಗಂಡ ಅವರಿಗೆ ಮುಂಚೆಯೇ ಹೇಳಿಕೊಡುತ್ತಾರೆ.

ಹೋದ ವಾರ ಬಂದದ್ದು ಪ್ಲಂಬರ್. ಅವರಿಗೆ ಅಂಗಡಿಯೇ ಇಲ್ಲ, ಸೈಕಲ್ಲಿನ ಮೇಲೊಂದು ಚೀಲ ಅಷ್ಟೆ. ಅಂಗಡಿ ಇಲ್ಲದಿದ್ದರೂ ಯಾವ ಯಾವ ಊರಿಗೆ ಹೋಗುತ್ತಾರೆಂದು ಹಾಕಬಹುದು ಎಂದು ಹೇಳಿ, ಏನೆಂದು ಬರೆಯಲಿ ಎಂದು ಕೇಳಿದೆ. ಅವರು ತಲೆ ಕೆರೆದುಕೊಂಡರು.

"ಜನ ನಿಂಗೆ ಫೋನ್ ಮಾಡಿ ಮೊದ್ಲು ಏನಂತಾರೆ?" ಅತ್ತೆ ಕೇಳಿದರು.

"ನಲ್ಲಿ ಸೋರ್ತದೆ ಬಾರಪ್ಪ ಅಂತಾರೆ ಕಣಕ್ಕ."

"ಅದ್ನೇ ಬರಿ" ಎಂದರು ಅತ್ತೆ ನನಗೆ, ತಂತಿಯಿಂದ ಕಣ್ಣೆತ್ತದೆ.

ಅದನ್ನೇ ಬರೆದೆ. ನಿನ್ನೆ ಅವರು ಮುಡಿಗುಂಡಕ್ಕೆ ಹೋಗುತ್ತ ಸೈಕಲ್ ನಿಲ್ಲಿಸದೆಯೇ ಗಲ್ಲಿಯ ತುದಿಯಿಂದ ಕೂಗಿ ಹೇಳಿದರು: ಬೆಳಿಗ್ಗೆಯಿಂದ ಬರೀ ಸೋರುವ ನಲ್ಲಿಗಳೇ.